ಥಂಡಿ ಖೋಲಿಯಲ್ಲಿ ಒಂದೇ ಸ್ವರ

ಕಮಲಾಪುರದ ವಿದ್ಯಾವತಿ ಬಾಳೆಕಾಯಿಯ ವಯಸ್ಸನ್ನು ಮೂಗಿನಿಂದಲೇ ಹೇಳುತ್ತಾಳೆ. ಕಾಯಿ ಒಳಗಿಟ್ಟ ಮೊದಲ ದಿನ ಕೋಣೆಯಲ್ಲಿ ಹಸಿ ಹುಲ್ಲಿನ ವಾಸನೆ. ಎರಡನೆಯ ದಿನ ತೊಳೆದ ಕಲ್ಲಿನದು. ಮೂರನೆಯ ದಿನ ಏನೂ ಇಲ್ಲ. ಅವತ್ತು ಹಣ್ಣು ಏನೋ ಯೋಚನೆ ಮಾಡುತ್ತಿರುತ್ತದೆ ಎನ್ನುತ್ತಾಳೆ. ನಾಲ್ಕನೆಯ ದಿನ ಬಾಗಿಲು ತೆರೆದ ಕೂಡಲೇ, ಎಲ್ಲೋ ದೂರದಲ್ಲಿ ಯಾರೋ ಬೆಲ್ಲ ಕಾಸುತ್ತಿದ್ದಾರೆ ಅನ್ನಿಸುವಂಥ ಸಿಹಿ. ಆಗ ಕೆಂಬಾಳೆಯನ್ನು ಹೊರಗೆ ತೆಗೆಯಬಹುದು.

ಊರಿನ ಬಾಳೆ ಬೆಳೆಗಾರರ ಗುಂಪೊಂದು ಹಣ್ಣು ಮಾಗಿಸಲೆಂದು ಸಂತೆ ಮೈದಾನದ ಹಿಂದೆ ಕಟ್ಟಿಸಿದ ತಂಪು ಕೋಣೆ ಅದು. ಊರವರ ಬಾಯಲ್ಲಿ ಥಂಡಿ ಖೋಲಿ. ಕಿಟಕಿಯಿಲ್ಲ. ಗೋಡೆಗಳ ಒಳಗೆ ಗೇಣು ದಪ್ಪದ ಹಗುರ ಹಲಗೆಗಳು. ಬಾಗಿಲು ಹಾಕಿದರೆ ಹುಮನಾಬಾದ ರಸ್ತೆಯ ಲಾರಿಗಳೆಲ್ಲ ಒಮ್ಮೆಗೇ ಇಲ್ಲವಾಗುತ್ತವೆ. ವಿದ್ಯಾವತಿ ಒಂಬತ್ತು ವರ್ಷದಿಂದ ಈ ಕೋಣೆ ನೋಡಿಕೊಳ್ಳುತ್ತಿದ್ದಾಳೆ. ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿಡುವುದು, ತಂಪು ಹದಿನೆಂಟು ಡಿಗ್ರಿಯಲ್ಲಿ ನಿಂತಿದೆಯೇ ನೋಡುವುದು, ಹೊತ್ತುಹೊತ್ತಿಗೆ ಬಾಗಿಲು ತೆರೆದು ಕೆಟ್ಟ ಗಾಳಿ ಹೊರಗೆ ಬಿಡುವುದು. ಗಂಡ ಸಾಯಬಣ್ಣ ಆ ಹಣ್ಣನ್ನು ಟೆಂಪೋದಲ್ಲಿ ಕಲಬುರಗಿ ಮಾರ್ಕೆಟ್ಟಿಗೆ ಒಯ್ಯುತ್ತಾನೆ. ಮಗಳು ಸೌಂದರ್ಯಾ ಬೀದರಿನಲ್ಲಿ ನರ್ಸಿಂಗ್ ಓದುತ್ತಾಳೆ.

ಕೋಣೆ ಖಾಲಿಯಾದ ದಿನ ಆಕೆ ನೆಲ ತೊಳೆದು, ಬಾಗಿಲು ಎಳೆದುಕೊಂಡು, ಒಂದು ಕ್ರೇಟು ಬೋರಲು ಹಾಕಿ ಸ್ವಲ್ಪ ಹೊತ್ತು ಕೂತುಬಿಡುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಇರಲಿಲ್ಲ. ಅಲ್ಲಿ ಕೂತರೆ ತನ್ನ ಉಸಿರು ತನಗೆ ಕೇಳಿಸುತ್ತಿತ್ತು, ಅಷ್ಟೇ. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಆ ಉಸಿರು ಎಲ್ಲಿಗೆ ಹೋಗಿರುತ್ತದೋ ಎಂದು ಆಕೆಗೆ ಆಶ್ಚರ್ಯವಾಗುತ್ತಿತ್ತು.

ಹೋದ ಮಾರ್ಚಿನಲ್ಲಿ ತಂಪಿನ ಯಂತ್ರ ಕೆಮ್ಮತೊಡಗಿತು. ರಿಪೇರಿಗೆ ಕಲಬುರಗಿ ಅಂಚಿನ ಕಪನೂರಿನಿಂದ ಮಜರ್ ಬಂದ. ಕಾರ್ಖಾನೆಗಳ ಸಾಲಿನಲ್ಲಿ ತಗಡಿನ ಶೆಡ್ ಹಾಕಿಕೊಂಡು ಕೂಲರು, ಫ್ರಿಜ್ಜು ರಿಪೇರಿ ಮಾಡುವವ, ಮೂವತ್ತು ದಾಟಿರಲಿಲ್ಲ. ಎರಡು ತಾಸು ಕೆಲಸ ಮಾಡಿ, ಯಂತ್ರ ಸರಿಮಾಡಿ, ನೋಡಲೆಂದು ಒಮ್ಮೆ ಫ್ಯಾನು ಬಂದ್ ಮಾಡಿದ. ಕೋಣೆ ಸುಮ್ಮನಾಯಿತು. ಮಜರ್ ಸ್ಕ್ರೂಡ್ರೈವರನ್ನು ಜೇಬಿಗಿಟ್ಟು ಒಂದು ಸಲ ಚಪ್ಪಾಳೆ ತಟ್ಟಿದ. ಕಿವಿಗೊಟ್ಟ. ಮೂಲೆಗೆ ಹೋಗಿ ಇನ್ನೊಂದು ಸಲ ತಟ್ಟಿದ.

"ಏನ್ ಹುಳಾ ಪಳಾ ಅದ ಏನೋ?" ಎಂದಳು ವಿದ್ಯಾವತಿ.

"ಇಲ್ರೀ ಅಕ್ಕಾರ. ಇಂಥಾ ಖಾಮೋಷಿ ನಾ ಎಲ್ಲೂ ಕೇಳಿಲ್ಲ. ಚಪ್ಪಾಳಿ ಹೊಡದ್ರ ಹೊಳ್ಳಿ ಬರಂಗೇ ಇಲ್ಲ, ನೋಡ್ರಿ. ಗ್ವಾಡಿ ನುಂಗಿಬಿಡ್ತಾವ."

ಆಮೇಲೆ ಚಹಾ ಕುಡಿಯುತ್ತ ಮಜರ್ ತನ್ನ ಕತೆ ಹೇಳಿದ. ಅವರದು ಮೂವರ ಬ್ಯಾಂಡು. ಅವನು ಗಿಟಾರು. ತಂಗಿ ಅಲ್ಫಿಯಾ ಹಾಡುತ್ತಾಳೆ. ಕಲಬುರಗಿಯ ಗಾಜಿಪುರದಲ್ಲಿ ಮನೆ, ಚಿಕ್ಕ ಮಕ್ಕಳ ಸ್ಕೂಲಿನಲ್ಲಿ ಟೀಚರು. ಕಪನೂರಿನ ವೇಬ್ರಿಜ್ಜಿನಲ್ಲಿ ಲಾರಿ ತೂಗುವ ಅಮರನಾಥ ತಾಳ ಹಾಕುತ್ತಾನೆ. ಹಾಡು ಅವರೇ ಕಟ್ಟಿದ್ದು, ಕನ್ನಡದಲ್ಲೂ ದಖ್ಖನಿಯಲ್ಲೂ. ಕಾರ್ಯಕ್ರಮ ನಡೆಸುವವರು, ಮೊದಲು ರೆಕಾರ್ಡ್ ಮಾಡಿ ಕಳಿಸಿ, ಕೇಳಿ ನೋಡುತ್ತೇವೆ ಎನ್ನುತ್ತಾರಂತೆ. ಶೆಡ್ಡಿನಲ್ಲಿ ರೆಕಾರ್ಡ್ ಮಾಡಿದರೆ ಪಕ್ಕದ ದಾಲ್ ಮಿಲ್ಲು ಹಾಡುತ್ತದೆ. ಗಾಜಿಪುರದ ಮನೆಯಲ್ಲಿ ಮಾಡಿದರೆ ಓಣಿಯ ಕುಕ್ಕರುಗಳೆಲ್ಲ ಸೀಟಿ ಹಾಕುತ್ತವೆ.

"ಅಕ್ಕಾರ, ಇಲ್ಲಿ ಒಂದ್ ದಿನ..." ಎಂದು ಅರ್ಧಕ್ಕೇ ನಿಲ್ಲಿಸಿದ.

"ಹಣ್ಣಿನ ಖೋಲ್ಯಾಗ ಹಾಡಾ?" ವಿದ್ಯಾವತಿ ನಕ್ಕಳು. ನಕ್ಕರೂ, ಅವನು ಹೋದ ಮೇಲೆ ಗುಂಪಿನ ಹಿರಿಯ ಶಿವಲಿಂಗನವರನ್ನು ಕೇಳಿದಳು. "ಹಣ್ಣಿಗಿ ಏನೂ ಆಗಬಾರದು ನೋಡವ್ವ, ಅಷ್ಟೇ" ಎಂದು ಅವರು ಹೇಳಿ ಹೊಲಕ್ಕೆ ಹೋದರು. ಮಂಗಳವಾರ ಕೋಣೆ ಖಾಲಿ, ತೊಳೆಯುವ ದಿನ. ಮಂಗಳವಾರ ಬರ್ರಿ ಎಂದು ಫೋನು ಮಾಡಿದಳು.

ಕಲಬುರಗಿಯಲ್ಲಿ ಹಣ್ಣು ಇಳಿಸಿ ವಾಪಸು ಬರುವ ಸಾಯಬಣ್ಣನ ಟೆಂಪೋದಲ್ಲಿ ಮೂವರೂ ಬಂದಿಳಿದರು. ಅವರ ಸಾಮಾನು ನೋಡಿ ಸಾಯಬಣ್ಣನಿಗೆ ಗುಜರಿ ಅಂಗಡಿ ನೆನಪಾಯಿತಂತೆ. ಕೆಟ್ಟ ಹೆಡ್‌ಫೋನಿನಿಂದ ಬಿಡಿಸಿದ ಮೈಕು. ಅದರ ಮುಂದೆ ಉಸಿರು ತಡೆಯಲು ಹತ್ತಿ ಬಟ್ಟೆ ಸುತ್ತಿದ ಚಹಾ ಜರಡಿ. ಹಳೆಯ ಫ್ಯಾನಿನ ತಳಕ್ಕೆ ಸೈಕಲ್ ಹ್ಯಾಂಡಲ್ ಬೆಸೆದು ಮಾಡಿದ ಸ್ಟ್ಯಾಂಡು. ಗಿಟಾರಿನ ಒಂದು ತಂತಿ ಬೈಕಿನ ಕ್ಲಚ್ ವೈರಿನಿಂದ ಬಿಚ್ಚಿದ ಎಳೆ. ಸದಾ ಒಂದೇ ಸ್ವರ ಗುಂಯ್ ಎನ್ನುವ, ಕರೆಂಟಿಗೆ ಹಾಕುವ ಶ್ರುತಿ ಡಬ್ಬಿಯೊಂದಿತ್ತು, ಯಾರೋ ಬಳಸಿ ಬಿಟ್ಟದ್ದು. ರೆಕಾರ್ಡ್ ಆಗುವುದು ಮಜರ್‌ನ ಒಡೆದ ಗಾಜಿನ ಫೋನಿನಲ್ಲಿ. ಅಮರನಾಥ ಏನನ್ನೂ ತಂದಿರಲಿಲ್ಲ. ಬಾಳೆ ಕ್ರೇಟುಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು ನೋಡಿ, "ಇದು ಛಲೋ ಅದ" ಎಂದು ಮೂರು ಆರಿಸಿಕೊಂಡ. ವಿದ್ಯಾವತಿ ಮನೆಯಿಂದ ಎರಡು ಕೌದಿ ತಂದು ಕ್ರೇಟುಗಳ ಕೆಳಗೆ ಹಾಸಿಕೊಟ್ಟಳು.

ಒಂದು ತೊಡಕಿತ್ತು. ಫ್ಯಾನು ನಡೆಯುತ್ತಿದ್ದರೆ ಅದರ ಸದ್ದು ಮೈಕಿಗೆ ಬರುತ್ತದೆ. ಬಂದ್ ಮಾಡಿದರೆ ತಂಪು ಮುಕ್ಕಾಲು ತಾಸಿಗೆಲ್ಲ ಕರಗಿಹೋಗುತ್ತದೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಆದ್ದರಿಂದ ತಂಪು ಇರುವವರೆಗೆ ಮಾತ್ರ ಹಾಡು. ಜೊತೆಗೆ ವಿದ್ಯಾವತಿಯದೊಂದು ಕಾಯಿದೆ: ಕಾಲು ತಾಸಿಗೊಮ್ಮೆ ಬಾಗಿಲು ತೆರೆಯಲೇಬೇಕು.

"ಹಣ್ಣು ಇರ್ಲಿ, ಮಂದಿ ಇರ್ಲಿ. ಖೋಲಿ ಉಸಿರಾಡಬೇಕು," ಎಂದಳು. ಅದಕ್ಕೇ ಆಕೆ ಒಳಗೇ ಕೂತಳು, ಬಾಗಿಲ ಹತ್ತಿರದ ಮೂಲೆಯಲ್ಲಿ, ಕಾವಲಿಗೆ.

ಅಲ್ಫಿಯಾ ಕಣ್ಣು ಮುಚ್ಚಿ ಹಾಡಿದಳು. ಸಣ್ಣ, ನೀರಿನಂಥ ದನಿ.

"ನೆರಳೇ ನೆರಳೇ, ಒಂಚೂರು ಸರಿ,
ನನ್ನ ಬೆವರಿಗೂ ಕುಂದ್ರಾಕ ಜಾಗಾ ಬೇಕು..."

ವಿದ್ಯಾವತಿಗೆ ಮೊದಲ ಸಲ ಆದದ್ದು ಏನೆಂದು ಹೇಳಲು ಇವತ್ತಿಗೂ ಆಗುವುದಿಲ್ಲ. ಗೋಡೆಗಳು ಮೆಲ್ಲಗೆ ಹಿಂದೆ ಹಿಂದೆ ಸರಿದವು ಎನ್ನುತ್ತಾಳೆ. ಸಂತೆ ಮೈದಾನದ ಬೇವಿನ ಮರ ತನ್ನ ನೆರಳನ್ನು ಹೊತ್ತುಕೊಂಡು ಒಳಗೆ ಬಂದು, ನಾಲ್ವರ ನಡುವೆ ಅದನ್ನು ಹಾಸಿ ಕೂತ ಹಾಗೆ. ಕ್ರೇಟಿನ ಮೇಲೆ ಅಮರನಾಥನ ಬೆರಳುಗಳು ಎಲೆ ಉದುರಿದಷ್ಟೇ ಸದ್ದು ಮಾಡುತ್ತಿದ್ದವು. ಖಾಲಿ ಕೋಣೆಯಲ್ಲಿ ಉಳಿದಿದ್ದ ಹಣ್ಣಿನ ವಾಸನೆ ಹಾಡಿನೊಳಗೇ ಇದೆಯೇನೋ ಅನ್ನಿಸಿತು. ಬಾಗಿಲು ತೆರೆಯುವ ಹೊತ್ತು ಮೀರಿತ್ತು. ಹಾಡು ಮುಗಿದಾಗ ಆಕೆ ಗಡಬಡಿಸಿ ಎದ್ದಳು. ಹೊರಗಿನ ಬಿಸಿಲು ಬಿಳಿಯ ಗೋಡೆಯ ಹಾಗೆ ಎದುರು ನಿಂತಿತ್ತು.

ಮೂರನೆಯ ಮಂಗಳವಾರ ಅದೇ ಹಾಡನ್ನು ಮತ್ತೆ ಹಿಡಿದಿದ್ದರು. ಹಿಂದಿನದರಲ್ಲಿ ಕೊನೆಯ ಸಾಲು ಸರಿಬಂದಿರಲಿಲ್ಲ. ಹಾಡು ಅರ್ಧ ದಾಟಿತ್ತು, ಕರೆಂಟು ಹೋಯಿತು. ದೀಪ ಆರಿತು. ಶ್ರುತಿ ಡಬ್ಬಿಯೂ ನಿಂತಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಗಲು ಎರಡು ಗಂಟೆಗೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕತ್ತಲೆ. ಫೋನು ಮಾತ್ರ ಬೋರಲಾಗಿ ಮಲಗಿ ಕೇಳಿಸಿಕೊಳ್ಳುತ್ತಿತ್ತು. ಅಲ್ಫಿಯಾ ನಿಲ್ಲಿಸಲಿಲ್ಲ. ಆದರೆ ಆಧಾರದ ಸ್ವರವಿಲ್ಲದೆ ಅವಳ ದನಿ ಒಂದು ಸಾಲಿನಷ್ಟು ದೂರ ಹೋಗಿ, ಕೆಳಗೆ ಜಾರಲು ತೊಡಗಿತು.

ಆಗ ಬಾಗಿಲ ಮೂಲೆಯಿಂದ ಒಂದು ಸ್ವರ ಬಂತು. ದಪ್ಪ ದನಿ, ಒಂಚೂರು ಒರಟು. ಡಬ್ಬಿಯ ಸ್ವರ ಎಲ್ಲಿತ್ತೋ ಸರಿಯಾಗಿ ಅಲ್ಲೇ ಬಂದು ನಿಂತಿತು, ಅಲುಗಲಿಲ್ಲ. ಅಲ್ಫಿಯಾಳ ದನಿ ಅದರ ಮೇಲೆ ಕಾಲೂರಿ ಮತ್ತೆ ಎದ್ದಿತು. ಹಾಡು ಕೊನೆಯ ಸಾಲಿನವರೆಗೆ ಹೋಗಿ ಮುಗಿಯಿತು. ಅದು ಮುಗಿದ ಮೇಲೂ ಆ ಸ್ವರ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ನಿಂತಿತ್ತು.

ವಿದ್ಯಾವತಿ ತಡಕಾಡಿ ಬಾಗಿಲು ತೆರೆದಳು. ಮೂವರೂ ಆಕೆಯ ಕಡೆಗೇ ನೋಡುತ್ತಿದ್ದರು.

"ಅಕ್ಕಾರ, ಅದು ನೀವೇ ಏನ್ರಿ?" ಎಂದು ಮಜರ್ ಕೇಳಿದ.

"ಏನು? ಇಲ್ಲಪ್ಪ, ಮಷಿನ್ ಇರಬೇಕು."

"ಕರೆಂಟ್ ಇಲ್ದ ಮಷಿನ್ ಹ್ಯಾಂಗ ಹಾಡ್ತದ ಅಕ್ಕಾರ?"

ಆಕೆಯ ಮುಖ ಕೆಂಬಾಳೆಯಂತಾಯಿತು. ಸೆರಗಿನಿಂದ ಬೆವರೊರೆಸಿಕೊಂಡಳು. ಕೋಣೆಯೊಳಗೆ ಇನ್ನೂ ತಂಪಿತ್ತು.

ಅಲ್ಫಿಯಾ ಆಕೆಯನ್ನು ಕ್ರೇಟಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಲ್ಲಿ ಕಲಿತಿರಿ ಎಂದು ಕೇಳಿದಾಗ ವಿದ್ಯಾವತಿ ಹೇಳಿದ್ದು ಇಷ್ಟು: "ನಾ ಏನೂ ಕಲಿತಿಲ್ಲವಾ. ಸಾಲ್ಯಾಗ ಮೂರನೇತ್ತ ಇದ್ದಾಗ ಪ್ರಾರ್ಥನಾಕ ನಿಂತ್ರ ಮಾಸ್ತರು, 'ನಿಂದು ಗಂಡುದನಿ, ಎಲ್ಲಾರಿಗೂ ಕೆಡಸ್ತಿ, ಸುಮ್ಮ ತುಟಿ ಅಷ್ಟೇ ಅಳ್ಳಾಡ್ಸು' ಅಂದ್ರು. ಅವತ್ತಿನಿಂದ ತುಟಿ ಅಷ್ಟೇ ಅಳ್ಳಾಡಿಸೀನಿ. ನನ್ನ ಮಗಳಿಗಿ ಜೋಗುಳ ಸೈತ ಹಾಡಿಲ್ಲ. ಬರೇ ಗುಂಯ್ ಅಂತಿದ್ದೆ. ಅಕಿ ಮಲಗತಿದ್ದಳು."

ಆಮೇಲೆ ಆಕೆಗೆ ಒಂದು ರಾಗ ಕಲಿಸಲು ನೋಡಿದರು. ಅಲ್ಫಿಯಾ ನೆರಳಿನ ಹಾಡಿನ ಮೊದಲ ಸಾಲು ಹೇಳಿಕೊಟ್ಟಳು. ವಿದ್ಯಾವತಿ ಬಾಯಿ ತೆರೆದಳು. ಅದೇ ಒಂದು ಸ್ವರ. ಮೇಲಕ್ಕೆ ಹೋಗಿರಿ ಎಂದು ಅಲ್ಫಿಯಾ ಕೈಯೆತ್ತಿ ತೋರಿಸಿದಳು; ಆಕೆಯ ಹುಬ್ಬು ಮೇಲಕ್ಕೆ ಹೋಯಿತು, ಸ್ವರ ಹೋಗಲಿಲ್ಲ. ನಾಲ್ಕು ಸಲ, ಐದು ಸಲ. ಕೊನೆಗೆ ವಿದ್ಯಾವತಿಗೇ ತಡೆಯಲಾರದ ನಗು ಬಂತು. ಎಲ್ಲರೂ ನಕ್ಕರು.

"ನನಗ ರಾಗ ತಿರಗಂಗಿಲ್ಲ. ಬಿಡ್ರಿ," ಎಂದಳು.

ಅಮರನಾಥ ಆಗ ಹೇಳಿದ: "ಅಕ್ಕಾರ, ನೀವು ಅಲ್ಲೇ ನಿಂದರ್ರಿ. ನಾವೇ ತಿರಗಾಡಿ ಬರ್ತೀವಿ."

ಮುಂದಿನ ಮಂಗಳವಾರಗಳಲ್ಲಿ ಹಾಗೇ ಆಯಿತು. ಶ್ರುತಿ ಡಬ್ಬಿ ಮೂಲೆ ಸೇರಿತು. ಬೇಸಗೆ ಏರಿದಷ್ಟೂ ಕೋಣೆ ಬೇಗ ಕಾಯುತ್ತಿತ್ತು. ಮೇ ತಿಂಗಳಿಗೆ ಅರ್ಧ ತಾಸು ಸಿಕ್ಕರೆ ಹೆಚ್ಚು. ಆ ಅರ್ಧ ತಾಸಿನಲ್ಲಿ ನಾಲ್ವರೂ ಯಾವುದೋ ಕೆರೆಯ ತಳದಲ್ಲಿ ಕೂತವರ ಹಾಗೆ ಕೂತಿರುತ್ತಿದ್ದರು. ದೊಡ್ಡ ಕಷ್ಟ ಉಸಿರಿನದು. ಆಕೆ ಉಸಿರು ಎಳೆದುಕೊಂಡಾಗ ಸ್ವರ ತುಂಡಾಗುತ್ತಿತ್ತು. ಅಮರನಾಥ ಅದಕ್ಕೊಂದು ಉಪಾಯ ಕಂಡ. ಆಕೆಯ ಭುಜ ಏಳುವುದನ್ನೇ ನೋಡುತ್ತಿದ್ದು, ಸರಿಯಾಗಿ ಆಗ ದೊಡ್ಡ ಕ್ರೇಟಿಗೆ ಒಂದು ಪೆಟ್ಟು ಹಾಕುತ್ತಿದ್ದ. ಪೆಟ್ಟಿನ ಹಿಂದೆ ಉಸಿರು ಅಡಗುತ್ತಿತ್ತು. ಹೀಗೆ ಅವರ ಹಾಡುಗಳ ತಾಳವೆಲ್ಲ ವಿದ್ಯಾವತಿಯ ಉಸಿರಿನ ಅಳತೆಗೆ ಬದಲಾಯಿತು, ಮೊದಲಿಗಿಂತ ನಿಧಾನವಾಯಿತು. ಇದು ಮೊದಲೇ ಹೀಗಿರಬೇಕಿತ್ತು ಎಂದ ಮಜರ್.

ಐದು ಹಾಡಾದವು. ಮಜರ್ ಅವನ್ನು ಸಾಯಬಣ್ಣನ ಫೋನಿಗೂ ಹಾಕಿಕೊಟ್ಟ. ಅವನು ಟೆಂಪೋ ನಡೆಸುತ್ತ ಒಂದನ್ನು ಪೂರ್ತಿ ಕೇಳಿ ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಹೇಳಿದ: "ಹುಡುಗಿ ಛಲೋ ಹಾಡ್ಯಾಳ. ಹಿಂದಿಂದ ಇಂಜಿನ್ ಸಪ್ಪಳ ಬರ್ತದ, ನಮ್ಮ ಗಾಡೀದೇ ಏನು?"

"ಅದು ನಾ."

ಸಾಯಬಣ್ಣ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಹಾಡನ್ನು ಮೊದಲಿನಿಂದ ಹಾಕಿದ. ಸುತ್ತ ಕೆಂಪು ಮಣ್ಣಿನ ಹೊಲ, ಗಾಳಿಯಿಲ್ಲದ ಸಂಜೆ. ಇಪ್ಪತ್ತಮೂರು ವರ್ಷ ಜೊತೆಗಿದ್ದ ಹೆಂಗಸನ್ನು ಅವನು ಫೋನಿನೊಳಗೆ ಹುಡುಕುವವನ ಹಾಗೆ ತಲೆ ಬಗ್ಗಿಸಿ ಕೇಳಿದ. ಮುಗಿದ ಮೇಲೆ ಇನ್ನೊಂದು ಸಲ ಹಾಕಿದ.

ಮಜರ್ ಹಾಡುಗಳನ್ನು ಕಾರ್ಯಕ್ರಮ ನಡೆಸುವವರಿಗೆ ಕಳಿಸಿದ. ವಾರದ ಮೇಲೆ ಉತ್ತರ ಬಂತು: ಗಾಯಕಿ ಚೆನ್ನಾಗಿದ್ದಾಳೆ, ಹಿಂದೆ ಯಾವುದೋ ಮಷಿನ್ನಿನ ಸದ್ದು ಇದೆ, ಅದನ್ನು ತೆಗೆದು ಮತ್ತೆ ಕಳಿಸಿ, ಜೂನಿನಲ್ಲಿ ಒಂದು ಸಂಜೆ ಕೊಡುತ್ತೇವೆ.

ಮಂಗಳವಾರ ಬಂದಾಗ ಮೂವರೂ ಇದನ್ನು ಹೇಳಲಿಲ್ಲ. ಅವರ ಮುಖ ನೋಡಿ ವಿದ್ಯಾವತಿಯೇ ಒತ್ತಾಯ ಮಾಡಿ ಕೇಳಿದಳು. ಮಜರ್ ಫೋನು ತೋರಿಸಿದ. ಆಕೆ ನಿಧಾನವಾಗಿ ಓದಿ ಫೋನು ವಾಪಸು ಕೊಟ್ಟಳು.

"ತಗದು ಕಳಸ್ರಿ, ಮತ್ತೇನ್."

"ನಕ್ಕೋ ಭಾಯಿ," ಎಂದಳು ಅಲ್ಫಿಯಾ ಅಣ್ಣನ ಕಡೆಗೆ ತಿರುಗಿ, ಬೇಡವೇ ಬೇಡ. "ಅಕ್ಕಾರ ಇಲ್ದ ನಾ ಎಲ್ಲಿ ನಿಂದರ್ಲಿ?"

"ಹುಚ್ಚಿ," ವಿದ್ಯಾವತಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. "ನೀವು ಇಲ್ಲಿ ಬಂದಿದ್ದು ಯಾಕ? ಮಂದಿ ಮುಂದ ಹಾಡ್ಲಾಕ. ನಾ ಬಂದು ಮುಂದ ಕುಂದರ್ತೀನಿ. ಡಬ್ಬಿ ಹಚ್ಚಿ ಹಾಡ್ರಿ."

ಹೇಳುವಾಗ ದನಿ ನಡುಗಲಿಲ್ಲ. ಅವರು ಹೋದ ಮೇಲೆ ಕೋಣೆ ತೊಳೆಯುವಾಗ ಆಕೆಗೆ ಎದೆಯೊಳಗೆ ಒಂದು ಕ್ರೇಟಿನಷ್ಟು ಜಾಗ ಖಾಲಿ ಬಿದ್ದಂತಾಯಿತು. ಅತ್ತಳೋ ಇಲ್ಲವೋ ಗೊತ್ತಿಲ್ಲ. ನೆಲವೆಲ್ಲ ಒದ್ದೆಯಿತ್ತು ಎಂದು ನಗುತ್ತಾಳೆ.

ಡಬ್ಬಿಯೊಂದಿಗೆ ಎರಡು ಹಾಡು ಮತ್ತೆ ರೆಕಾರ್ಡ್ ಮಾಡಿ ಕಳಿಸಿದರು. ಜೂನಿನಲ್ಲಿ ಕಲಬುರಗಿಯ ಒಂದು ಸಣ್ಣ ಹಾಲಿನಲ್ಲಿ ಕಾರ್ಯಕ್ರಮವಾಯಿತು. ವಿದ್ಯಾವತಿ ಇಳಕಲ್ ಸೀರೆ ಉಟ್ಟು, ಸಾಯಬಣ್ಣನ ಜೊತೆ ಮೂರನೆಯ ಸಾಲಿನಲ್ಲಿ ಕೂತಳು. ನಿಜವಾದ ಮೈಕು, ನಿಜವಾದ ಡ್ರಮ್ಮು. ಹಾಡು ಶುರುವಾಗುವ ಮೊದಲು ಅಲ್ಫಿಯಾ ಒಂದು ಗಳಿಗೆ ಆ ಸಾಲಿನ ಕಡೆ ನೋಡಿ ಕಣ್ಣು ಮುಚ್ಚಿದಳು. ಚೆನ್ನಾಗಿ ಹಾಡಿದಳು. ಜನ ಚಪ್ಪಾಳೆ ಹೊಡೆದರು. ವಿದ್ಯಾವತಿ ಎಲ್ಲರಿಗಿಂತ ಜಾಸ್ತಿ ಹೊತ್ತು ಹೊಡೆದಳು.

ವಾಪಸು ಬರುವಾಗ ಸಾಯಬಣ್ಣ, "ಆ ಡಬ್ಬಿ ಛಲೋ ಇರಲಿಲ್ಲ ಬಿಡು" ಎಂದ.

"ಛಲೋನೇ ಇತ್ತು."

"ಖರೇ ಹೇಳು."

"ಉಸಿರು ತಗೋತಿರಲಿಲ್ಲ ಅದು," ಎಂದಳು.

ಸಾಯಬಣ್ಣ ಅವತ್ತು ಏನು ನಿಶ್ಚಯ ಮಾಡಿದನೋ, ಹಳೆಯ ಐದು ಹಾಡನ್ನು ತನ್ನ ಡ್ರೈವರ್ ದೋಸ್ತರಿಗೆಲ್ಲ ಹಂಚಿದ. ಹೆಂಡತಿಗೆ ಹೇಳಲಿಲ್ಲ. ಮಜರ್‌ಗೆ ಫೋನು ಮಾಡಿ ಕೇಳಿಕೊಂಡಿದ್ದನಂತೆ. "ಹಂಚ್ರಿ ಕಾಕಾ, ನಮಗೂ ಅದೇ ಇಷ್ಟ" ಎಂದನಂತೆ ಅವನು.

ಶ್ರಾವಣ ಬಂತು. ಹಬ್ಬಗಳಿಗೆ ಹಣ್ಣು ಬೇಕು; ಕೋಣೆ ಒಂದು ದಿನವೂ ಖಾಲಿ ಇರಲಿಲ್ಲ. ಮಂಗಳವಾರಗಳು ಇಲ್ಲವಾದವು. ನಾಲ್ವರೂ ಕೂಡಿ ಹಾಡಲು ಇದ್ದ ಒಂದೇ ದಾರಿ ಭಾನುವಾರ ಮಧ್ಯಾಹ್ನ ಕಪನೂರಿಗೆ ಹೋಗುವುದು. ದಾಲ್ ಮಿಲ್ಲಿಗೆ ಅವತ್ತು ಅರ್ಧ ದಿನ ಸೂಟಿ. ಶೆಡ್ಡಿನ ತಗಡಿಗೆ ಒಳಗಿನಿಂದ ಏನಾದರೂ ತೂಗುಹಾಕಿದರೆ ಸದ್ದು ಕಡಿಮೆಯಾಗುತ್ತದೆ ಎಂದು ಮಜರ್ ಹೇಳಿದ್ದ. ಒಂದು ಭಾನುವಾರ ವಿದ್ಯಾವತಿ ಹಳೆಯ ಕೌದಿಗಳನ್ನು ಗಂಟು ಕಟ್ಟಿಕೊಂಡು, ಕಲಬುರಗಿಗೆ ಹೋಗುವ ಕ್ರೂಸರ್ ಗಾಡಿ ಹತ್ತಿದಳು. ಒಳಗೆ ಹದಿನಾಲ್ಕು ಮಂದಿ. ಪಕ್ಕದಲ್ಲಿ ಬಂಡೆಮ್ಮ ಎಂಬ ಹೆಂಗಸು. ಗಂಟನ್ನು ಎಲ್ಲಿಡುವುದು ಎಂದು ಇಬ್ಬರೂ ಸೇರಿ ಯೋಚಿಸುವಷ್ಟರಲ್ಲಿ ಪರಿಚಯವಾಗಿತ್ತು.

ಹಳ್ಳ ದಾಟಿದ ಮೇಲೆ ಡ್ರೈವರು ಹಾಡು ಹಾಕಿದ. ಒಂದೆರಡು ಸಿನಿಮಾ ಹಾಡು ಮುಗಿದವು. ಆಮೇಲೆ, ಗಾಡಿಯ ಗಡಗಡದ ನಡುವಿನಿಂದ, ಸಣ್ಣ ನೀರಿನಂಥ ದನಿ: ನೆರಳೇ ನೆರಳೇ...

ವಿದ್ಯಾವತಿಯ ಕೈ ಗಂಟಿನ ಮೇಲೆ ಬಿಗಿಯಾಯಿತು. ಹೊರಗೆ ಮೋಡದ ನೆರಳುಗಳು ತೊಗರಿ ಹೊಲದ ಮೇಲೆ ಗಾಡಿಯ ಜೊತೆಗೇ ಓಡುತ್ತಿದ್ದವು. ಯಾರೂ ವಿಶೇಷವಾಗಿ ಕೇಳುತ್ತಿರಲಿಲ್ಲ. ಒಬ್ಬ ತೂಕಡಿಸುತ್ತಿದ್ದ, ಒಬ್ಬಳು ಮಗುವಿಗೆ ಬಿಸ್ಕೀಟು ಮುರಿದು ಕೊಡುತ್ತಿದ್ದಳು. ಆಕೆಗೆ ತಡೆಯಲಾಗಲಿಲ್ಲ.

"ಇದರಾಗ ನನ್ನ ದನಿ ಅದರೀ," ಎಂದಳು ಮೆಲ್ಲಗೆ.

ಬಂಡೆಮ್ಮ ತಿರುಗಿದಳು. "ಹೌದಾ? ಹಾಡಾಕಿ ನೀವೇ ಏನ್ರಿ?"

"ಅಕಿ ಅಲ್ರೀ. ಹಿಂದ ಒಂದು ಇರ್ತದ ನೋಡ್ರಿ, ಅದು."

ಬಂಡೆಮ್ಮ ಸೆರಗು ಸರಿಸಿ, ಕಿವಿಯನ್ನು ಮುಂದೆ ಮಾಡಿ ಕೇಳಿದಳು. ಕಣ್ಣು ಕಿರಿದು ಮಾಡಿ ಕೇಳಿದಳು. "ನನಗ ಕೇಳಸವಲ್ದರೀ," ಎಂದಳು ಸಂಕೋಚದಿಂದ. "ಗಾಡಿ ಸಪ್ಪಳ ಭಾಳ ಅದ."

"ಇರ್ಲಿ ಬಿಡ್ರಿ."

ಆದರೆ ಬಂಡೆಮ್ಮ ಬಿಡಲಿಲ್ಲ. ಹಾಡು ಮುಗಿಯುವವರೆಗೂ ಹಾಗೇ ಕಿವಿಗೊಟ್ಟು ಕೂತಳು. ಅಲ್ಫಿಯಾ ಕೊನೆಯ ಸಾಲು ಹೇಳಿ ಸುಮ್ಮನಾದಳು. ಕ್ರೇಟಿನ ಪೆಟ್ಟು ನಿಂತಿತು. ಒಂದು ಗಳಿಗೆ ಕಳೆಯಿತು. ಆಮೇಲೆ ಆ ಇನ್ನೊಂದು ದನಿಯೂ ನಿಂತಿತು. ಬಂಡೆಮ್ಮ ಕತ್ತೆತ್ತಿ ಗಾಡಿಯೊಳಗೆಲ್ಲ ಒಮ್ಮೆ ನೋಡಿದಳು, ಯಾರೋ ನಡುವೆಯೇ ಎದ್ದು ಇಳಿದು ಹೋದರೇನೋ ಎಂಬಂತೆ.

"ಅಯ್ಯ ಹೌದಲ್ರೀ," ಎಂದಳು. "ಏನೋ ಹೋತು ಈಗ."

ವಿದ್ಯಾವತಿ ಬಂಡೆಮ್ಮನ ಕೈಯನ್ನು ಹಿಡಿದುಕೊಂಡಳು. ಅಷ್ಟರಲ್ಲಿ ಬೇರೆ ಹಾಡು ಶುರುವಾಯಿತು, ಡ್ರೈವರು ಹಾರ್ನು ಹೊಡೆದ, ಕಪನೂರು ಬಂತು ಎಂದ.

ಇಳಿಯುವಾಗ ಗಂಟನ್ನು ಬಂಡೆಮ್ಮನೇ ಎತ್ತಿ ಕೊಟ್ಟಳು. ವಿದ್ಯಾವತಿ ಅದನ್ನು ಸೊಂಟಕ್ಕೆ ಏರಿಸಿಕೊಂಡು ಕಾರ್ಖಾನೆಗಳ ನಡುವಿನ ದಾರಿ ಹಿಡಿದಳು. ಮಿಲ್ಲು ಬಂದ್ ಆಗಿತ್ತು, ಗಾಳಿಯಲ್ಲಿ ಬೇಳೆಯ ಹಳದಿ ಧೂಳು ಇನ್ನೂ ನಿಧಾನವಾಗಿ ಇಳಿಯುತ್ತಿತ್ತು. ಶೆಡ್ಡು ಅಲ್ಲೇ ಕಾಣುತ್ತಿತ್ತು. ಬಾಗಿಲಲ್ಲಿ ಅಲ್ಫಿಯಾ ನಿಂತು ಕೈ ಬೀಸುತ್ತಿದ್ದಳು. ನಡುವೆ ಒಂದು ಲಾರಿ ವೇಬ್ರಿಜ್ಜಿನ ಕಡೆಗೆ ಹಿಂದೆ ಹಿಂದೆ ಬರುತ್ತಿತ್ತು. ವಿದ್ಯಾವತಿ ಗಂಟನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಅದು ದಾಟಲಿ ಎಂದು ದಾರಿಯ ಬದಿಗೆ ನಿಂತಳು.